ರಸ್ತೆ ಬದಿಯ ಕೆಸು

ಆ ಮೇಸ್ತ್ರಿಯ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನರಸಿಂಹರಾಜಪುರದಲ್ಲಿ ನಾವು ಬಾಡಿಗೆಗಿರುವ ಕೇರಿಯ ಕೊನೆಯಲ್ಲಿ, ಚರಂಡಿ ಪಕ್ಕ, ಒಂದು ಖಾಲಿ ಜಾಗವಿದೆ. ಇಡೀ ಕೇರಿ ಅಲ್ಲಿ ಕಸ ಎಸೆಯುತ್ತಿತ್ತು. ನಾನೂ ಎಸೆದಿದ್ದೇನೆ, ಸುಳ್ಳು ಹೇಳುವುದಿಲ್ಲ. ಸೀತೂರಿನಿಂದ ಪಕ್ಕದ ಮನೆಗೆ ಬಂದ, ನಾನು ಅಕ್ಕ ಎಂದು ಕರೆಯುವವರಿಗೆ ಮಾತ್ರ ಅದನ್ನು ನೋಡಿಕೊಂಡಿರಲು ಆಗಲಿಲ್ಲ. ಗದ್ದೆಯಲ್ಲಿ ದುಡಿದ ಹೆಂಗಸು, ಪೇಟೆಗೆ ಬಂದು ಆರು ತಿಂಗಳು ಯಾರೊಂದಿಗೂ ಮಾತಿಲ್ಲದೆ ಬಾಗಿಲು ಹಾಕಿಕೊಂಡಿದ್ದರು. ಒಂದು ದಿನ ಸೆರಗು ಸಿಕ್ಕಿಸಿ, ಗುದ್ದಲಿ ಹಿಡಿದು ಹೊರಬಂದರು. ಪ್ಲಾಸ್ಟಿಕ್ ಹೆಕ್ಕಲು ನಾನೂ ಸೇರಿಕೊಂಡೆ.

ಆಮೇಲೆ ದಿನಾ ಬೆಳಿಗ್ಗೆ ಅಕ್ಕ ಬಕೆಟ್ ಹಿಡಿದು ಮನೆಮನೆಗೆ ಹೋಗಿ ತರಕಾರಿ ಸಿಪ್ಪೆ ಕೇಳುತ್ತಿದ್ದರು. ಅದೇ ಗೊಬ್ಬರ. ವರ್ಷದೊಳಗೆ ಅಲ್ಲಿ ಬಸಳೆ, ಒಂದೆಲಗ, ಪತ್ರೊಡೆ ಮಾಡುವ ಕೆಸು, ಸೂಜಿಮೆಣಸು ಎದ್ದು ನಿಂತವು. ವಾಸನೆ ಹೋಯಿತು, ಸೊಳ್ಳೆ ಕಡಿಮೆಯಾಯಿತು. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಸಕ್ಕರೆ ಕಾಯಿಲೆ ಎಂದು ಅಕ್ಕನಿಗೆ ಗೊತ್ತಿತ್ತು, ಸೊಪ್ಪು ಅದಕ್ಕೆ ತಕ್ಕಂತೆ ಹಂಚಿಕೆಯಾಗುತ್ತಿತ್ತು. ಮುಖ ಕೊಟ್ಟು ಮಾತಾಡದ ಮನೆಗಳೂ ಅವರನ್ನು ಒಳಗೆ ಕರೆದು ಕಾಫಿ ಕೊಡುತ್ತಿದ್ದವು.

ಹೋದ ಮಳೆಗಾಲದಲ್ಲಿ, ಯಾರೋ ದೊಡ್ಡವರು ಸ್ವಚ್ಛತೆ ನೋಡಲು ಬರುತ್ತಾರೆಂಬ ಸುದ್ದಿ ಹಬ್ಬಿತು. ಅಕ್ಕ ಆಸ್ಪತ್ರೆಗೆ ಹೋಗಿದ್ದ ಹೊತ್ತಿನಲ್ಲಿ ಪಟ್ಟಣ ಪಂಚಾಯಿತಿ ಗುತ್ತಿಗೆಯ ಮೇಸ್ತ್ರಿ ಕಳೆ ಕೊಚ್ಚುವ ಮೆಷಿನ್ ತಂದು ಅಷ್ಟನ್ನೂ ಸವರಿ ಹಾಕಿದ. ಸದ್ದು ಕೇಳಿ ನಾನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಸು ಅಂತ ಗೊತ್ತಾಗಲಿಲ್ಲವೇ ಎಂದು ಅವನನ್ನು ಕೇಳಿದೆ. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಿಬಿಡುತ್ತಿದ್ದೆ.

“ಗೊತ್ತಿಲ್ದೆ ಎಂತ? ಮುತ್ತಿನಕೊಪ್ಪದಲ್ಲಿ ನಮ್ಮನೆ ಹಿತ್ಲಲ್ಲೂ ಇದೆ,” ಅಂದ. “ಹಿತ್ಲಲ್ಲಿದ್ರೆ ಸೊಪ್ಪು, ರಸ್ತೆ ಬದೀಲಿದ್ರೆ ಕಳೆ.”

ನೆಡಲು ಪರ್ಮಿಷನ್ ಇತ್ತೇ ಎಂದು ನನ್ನನ್ನೇ ಬೇರೆ ಕೇಳಿದ. ಅಷ್ಟು ವರ್ಷ ಕಸ ಸುರಿದವರಲ್ಲಿ ಒಬ್ಬರನ್ನಾದರೂ ಯಾರಾದರೂ ಹಾಗೆ ಕೇಳಿದ್ದುಂಟೇ? ದೊಡ್ಡವರ ಕಾರು ನಮ್ಮ ಕೇರಿಯತ್ತ ತಿರುಗಲೂ ಇಲ್ಲ.

ಮತ್ತೆ ನೆಡೋಣ ಎಂದು ಅಕ್ಕನಿಗೆ ಹೇಳಿದೆ. ಆದರೆ ಅವರು ಆಮೇಲೆ ಬಕೆಟ್ ಹಿಡಿದು ಯಾರ ಬಾಗಿಲಿಗೂ ಹೋಗಲಿಲ್ಲ. ವಾರ ಕಳೆದು ಒಂದು ಬೆಳಿಗ್ಗೆ ನೋಡುತ್ತೇನೆ, ಆ ಬೋಳು ಜಾಗಕ್ಕೆ ಕ್ಯಾರಿಬ್ಯಾಗಿನಲ್ಲಿ ಗಂಟು ಕಟ್ಟಿದ ಸಿಪ್ಪೆ ಎಸೆಯುತ್ತಿದ್ದವರು ಅಕ್ಕನೇ. ನಾನು ನಿಂತದ್ದನ್ನು ಕಂಡು ಕೈ ಒರೆಸಿಕೊಂಡರು.

“ಪೇಟೇಲಿ ಹ್ಯಾಂಗೆ ಇರ್ಬೇಕು ಅಂತ ಈಗ ಕಲ್ತೆ ನೋಡು,” ಅಂದರು.