ಒಲೆ ಹಚ್ಚದ ದಿನದ ಚಿತ್ರ

ನನ್ನ ಬಾಲ್ಯದ ಗೆಳತಿ ನನ್ನೊಡನೆ ಮಾತು ಬಿಟ್ಟು ಎರಡು ವರ್ಷವಾಯಿತು. ತಪ್ಪು ನನ್ನದೇ. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಅಪ್ಪ ದೋಣಿಗಲ್ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು, ಪಕ್ಕದಲ್ಲಿ ಒಂದೆರಡು ಮಾತು. ಮಳೆ ಪುಸ್ತಕದಲ್ಲಿ ಸಾವು ಬರೆದರೆ ಕಾಫಿ ಅರಳಿಸುವ ಹೂಮಳೆ ಕೈಕೊಡುತ್ತದೆಂದು ಅವರ ನಂಬಿಕೆ; ಅದೊಂದನ್ನು ಮಾತ್ರ ಬರೆಯುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಆ ಪುಸ್ತಕಗಳು ಬಾಳ್ಳುಪೇಟೆಯ ನನ್ನ ಮನೆಗೆ ಬಂದವು. ತೆರೆದರೆ ಅಳು ಬರುತ್ತಿತ್ತು. ಅಳುವುದು ನನಗೆ ಆಗದ ಕೆಲಸ. ಕಂಪ್ಯೂಟರ್ ಗೊತ್ತಿದ್ದವಳು, ಒಂದು ಸಾಫ್ಟ್‌ವೇರ್ ಕಟ್ಟಿದೆ. ಪುಸ್ತಕದ ಸಾಲುಗಳನ್ನು ಟೈಪ್ ಮಾಡಿ ಹಾಕಿದರೆ ವಿಚಿತ್ರವಾದದ್ದನ್ನು ಆರಿಸಿ, ನಗೆಚಿತ್ರ ಮಾಡಿ, ಕೆಳಗೆ ತಾರೀಕು ಹಾಕಿ ಕೊಡುತ್ತಿತ್ತು. 'ಸಾಹುಕಾರರ ಜೀಪು ಇವತ್ತೂ ಮುನಿಸಿಕೊಂಡಿದೆ' ಎಂಬ ಸಾಲಿಗೆ ತುಟಿ ಉಬ್ಬಿಸಿದ ಜೀಪು. ಎಸ್ಟೇಟಿನವರ ವಾಟ್ಸಾಪ್ ಗುಂಪಿಗೆ ಹಾಕಿದೆ, ಎಲ್ಲರೂ ನಕ್ಕರು. ನಾನು ಉಬ್ಬಿಹೋದೆ.

ಒಂದು ದಿನ ಅದು ಆರಿಸಿದ್ದು: 'ಮಳೆ ಸೊನ್ನೆ. ಆನೆ ಬಂದಿತ್ತು. ಲೈನಿನಲ್ಲಿ ಒಲೆ ಹಚ್ಚಲಿಲ್ಲ.' ಚಿತ್ರದಲ್ಲಿ ಆನೆಯೊಂದು ತಟ್ಟೆ ಹಿಡಿದು, ತಣ್ಣಗಿನ ಒಲೆಯ ಮುಂದೆ ಮುಖ ಸಪ್ಪೆ ಮಾಡಿಕೊಂಡು ಕೂತಿತ್ತು. ನಕ್ಕು ನಕ್ಕು ಸಾಕಾಗಿ ಗುಂಪಿಗೆ ಕಳಿಸಿದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನಗೆ ಹೊಳೆಯಲೇ ಇಲ್ಲ.

ಮರುದಿನ ಮಧ್ಯಾಹ್ನ ಗೆಳತಿ ಕುಂದೂರಿನಿಂದ ಬಸ್ಸಿನಲ್ಲಿ ಬಂದಳು. ಅವಳು ಅದೇ ಲೈನಿನಲ್ಲಿ, ಎಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆಗಳಲ್ಲಿ, ಬೆಳೆದವಳು. ಅವಳ ತಾಯಿಯನ್ನು ಆನೆ ತುಳಿದದ್ದು ನನಗೆ ಗೊತ್ತಿತ್ತು. ಆಗ ನಾನು ಹಾಸನದ ಹಾಸ್ಟೆಲಿನಲ್ಲಿದ್ದೆ, ತಾರೀಕು ನೆನಪಿರಲಿಲ್ಲ.

"ಅದು ನಮ್ಮವ್ವ ಹೋದ ದಿನ ಕಣೆ," ಎಂದಳು. "ತಾರೀಕು ನೋಡ್ದೆ."

ನಾಚಿಕೆಯಿಂದ ಕುಗ್ಗಿಹೋದೆ. ಚಿತ್ರ ಅಳಿಸುತ್ತೇನೆ ಎಂದೆ.

"ಅದು ಹಾಳಾಗೋಗ್ಲಿ. ಪುಸ್ತಕ ತೋರ್ಸು. ಅವ್ವಂದು ಒಂದು ಫೋಟೋನೂ ಇಲ್ಲ ನಮ್ಮತ್ರ. ನಿಮ್ಮಪ್ಪ ಹೆಸ್ರಾದ್ರೂ ಬರ್ದವ್ರಾ?"

ತೆರೆದು ಕೊಟ್ಟೆ. ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಪುಟ ತಿರುವಿದಳು, ಮತ್ತೆ ಹಿಂದಕ್ಕೆ ಬಂದಳು. ಅಪ್ಪನ ನಂಬಿಕೆಯ ವಿಷಯ ಹೇಳಬೇಕೆಂದುಕೊಂಡೆ.

"ಇಲ್ದಿರೋ ಮಳೆನೂ ಬರ್ದವ್ರೆ," ಎಂದಳು. "ನಮ್ಮವ್ವನ್ನ ಬರ್ದಿಲ್ಲ."

ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಬಸ್‌ಸ್ಟ್ಯಾಂಡಿನ ಕಡೆ ನಡೆದಳು.