ಎಣ್ಣೆ ಮಾವನ ಕೈಹದ

ಈ ದಡದಿಂದ ಆ ದಡಕ್ಕೆ ಜನರನ್ನು ಸಾಗಿಸುವ ಕಡವಿನಲ್ಲಿ ‘ಎಣ್ಣೆ ಮಾವ’ ಎಂಬ ಹೆಸರು ಕೇಳಿದ ಕೂಡಲೇ ಹೊಸಬರು ಮೂಗು ಮುರಿಯುತ್ತಿದ್ದರು. ಅಂಥವನ ದೋಣಿಯಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಕೂರುವುದಾದರೂ ಹೇಗೆ ಎಂದು ಪಕ್ಕದವರನ್ನು ವಿಚಾರಿಸುತ್ತಿದ್ದರು. ಮಾವ ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಅವನ ಅಮಲೇ ಬೇರೆ. ದೋಣಿಯ ಹಿಂದೆ ತಗಲಿಸುವ ಔಟ್‌ಬೋರ್ಡ್ ಮೋಟಾರಿಗೆ ಪೆಟ್ರೋಲಿನಲ್ಲಿ ಎಂಜಿನ್ ಎಣ್ಣೆ ಬೆರೆಸುವುದರಲ್ಲಿ ತನ್ನನ್ನು ಮೀರಿಸುವವರು ಭೂಮಿಯ ಮೇಲಿಲ್ಲ ಎಂದು ಅವನು ನಂಬಿದ್ದ. ನಂಬಿಕೊಂಡು ಸುಮ್ಮನಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ದಿನಾ ಹೇಳುತ್ತಿದ್ದ.

ಅದೇನೂ ಬ್ರಹ್ಮವಿದ್ಯೆಯಲ್ಲ. ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಎಂದು ಮೋಟಾರಿನ ಮುಚ್ಚಳದ ಮೇಲೇ ಅಚ್ಚಾಗಿತ್ತು. ಎಣ್ಣೆ ಕಡಿಮೆಯಾದರೆ ಒಳಗಿನ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಹೊಗೆ ಕಾರಿ ಪ್ಲಗ್ ಕಪ್ಪಾಗುತ್ತದೆ. ಅಳತೆಯ ಲೋಟ ಹಿಡಿದು ಸುರಿದರೆ ಕೆಲಸ ಮುಗಿಯಿತು. ಮಾವ ಮಾತ್ರ ಆ ಅಕ್ಷರಗಳ ಮೇಲೆ ನೀಲಿ ಬಣ್ಣ ಬಳಿದುಬಿಟ್ಟಿದ್ದ. “ಅಳತೆ ಎಲ್ಲ ಕೈ ಬರದವರಿಗೆ,” ಎನ್ನುತ್ತಿದ್ದ.

ದಡದ ಮೇಲಿನ ತಗಡಿನ ಶೆಡ್ಡಿನಲ್ಲಿ ಬೆಳಿಗ್ಗೆ ಅವನ ದರ್ಬಾರು. ಮೀನು ಹಿಡಿಯುವವರೂ ತಂತಮ್ಮ ಕ್ಯಾನು ತಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮಾವ ಮೊಳೆಗೆ ನೇತುಹಾಕಿದ ಆಲಿಕೆ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ, ಡಬ್ಬಿಯಿಂದ ಎಣ್ಣೆ ಸುರಿಯುತ್ತಿದ್ದ. ಆಮೇಲೆ ಕ್ಯಾನನ್ನು ಎದೆಗವಚಿಕೊಂಡು, ಕಣ್ಣು ಮುಚ್ಚಿ, ಹಾಲು ಕುಡಿಸಿದ ಕೂಸನ್ನು ತೇಗಿಸುವವನಂತೆ ಅಲ್ಲಾಡಿಸುತ್ತಿದ್ದ. ಅಂಗೈಗೆ ಒಂದು ಹನಿ ಬಿಟ್ಟು, ಹೆಬ್ಬೆರಳಲ್ಲಿ ತಿಕ್ಕಿ, ಮೂಸಿ, ಆಕಾಶ ನೋಡಿ, “ಇನ್ನೊಂದು ಗುಟುಕು ಕೇಳ್ತಾ ಇದೆ,” ಎನ್ನುತ್ತಿದ್ದ. ಮೀನು ಕಾಯುವುದಿಲ್ಲ, ಜನ ಕಾಯುತ್ತಿದ್ದರು.

ಒಮ್ಮೆ ಒಬ್ಬ ಬೆಸ್ತನ ಮೋಟಾರು ನಡುನೀರಲ್ಲಿ ಹೊಗೆ ಕಾರಿ ನಿಂತಿತು. ಅವನು ಶೆಡ್ಡಿಗೆ ಬಂದ.

“ಮಾವ, ನೀವು ಬೆರೆಸಿ ಕೊಟ್ಟಿದ್ದನ್ನೇ ಹಾಕಿದ್ದೆ.”

“ಕ್ಯಾನು ಮನೇಲಿಟ್ಟಿದ್ಯಾ?”

“ಹೂಂ.”

“ಹೆಂಗಸರು ಮುಟ್ಟಿದ್ರಾ?”

“ನನ್ನ ಹೆಂಡತಿ ಒಂಚೂರು ಪಕ್ಕಕ್ಕಿಟ್ಟಳು.”

“ಹದ ಕೆಟ್ಟಿದ್ದು ಅಲ್ಲೇ ನೋಡು!”

ಬೆಸ್ತ ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗಾಡಿದ. ಮಾವನ ಹೆಸರಿಗೆ ಕೂದಲೆಳೆಯಷ್ಟೂ ಕೊಂಕು ಬರಲಿಲ್ಲ.

ಇತ್ತ ಮಾವನ ಮನೆಯ ಹಿತ್ತಿಲ ಬಾಗಿಲಲ್ಲಿ ಸಂಜೆ ಅವನ ಹೆಂಡತಿ ತಂತಿ ಬ್ರಷ್ ಹಿಡಿದು ಪ್ಲಗ್ ಉಜ್ಜುತ್ತಿದ್ದಳು. ಗಂಡನ ಕೈ ಧಾರಾಳ. ಅವನ ದೋಣಿ ಹೊರಟರೆ ಹಿಂದಿನ ಬೆಂಚಿನವರು ಸೆರಗು, ಟವೆಲ್, ಸಿಕ್ಕಿದ್ದನ್ನು ಮೂಗಿಗೆ ಹಿಡಿಯಬೇಕಿತ್ತು. ಪ್ಲಗ್ ದಿನವೂ ಒಲೆಯ ಬುಡದಂತೆ ಕಪ್ಪಾಗುತ್ತಿತ್ತು. ಬೆಳಿಗ್ಗೆ ಅದು ಫಳಫಳ ಹೊಳೆಯುವುದನ್ನು ಜನರಿಗೆ ತೋರಿಸಿ ಮಾವ ಹೇಳುತ್ತಿದ್ದ: “ನನ್ನ ಹದದಲ್ಲಿ ಪ್ಲಗ್ ಕಪ್ಪಾಗೋ ಮಾತೇ ಇಲ್ಲ.”

“ಅಪ್ಪನಿಗೆ ನಿಜವಾಗ್ಲೂ ಗೊತ್ತಿಲ್ವೇನಮ್ಮ?” ಎಂದು ಮಗಳು ಕೇಳಿದಳು.

“ಬಟ್ಟೆ ತಾನಾಗೇ ಒಗೆದುಕೊಳ್ಳುತ್ತೆ, ಪಾತ್ರೆ ತಾನಾಗೇ ತೊಳೆದುಕೊಳ್ಳುತ್ತೆ ಅಂದ್ಕೊಂಡಿರೋರಿಗೆ ಪ್ಲಗ್ ಯಾವ ಲೆಕ್ಕ ಹೇಳು,” ಎಂದಳು ತಾಯಿ.

ಕೊನೆಗೆ ಆ ಹಳೆಯ ಮೋಟಾರು ಕೆಮ್ಮಿ ಕೆಮ್ಮಿ ಸತ್ತಿತು. ಫ್ರಿಜ್ ರಿಪೇರಿ ಮಾಡುವ ಅಳಿಯ, ಮಾವನ ಕಷ್ಟ ನೋಡಲಾಗದೆ, ಹೊಸ ಮೋಟಾರು ತಂದು ಕೊಟ್ಟ. ಅದನ್ನು ಜೋಡಿಸಲು ಬಂದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಹೇಳಿದ: “ಇದು ಫೋರ್ ಸ್ಟ್ರೋಕ್ ಯಜಮಾನ್ರೇ. ಟ್ಯಾಂಕಿಗೆ ಬರೀ ಪೆಟ್ರೋಲ್. ಎಣ್ಣೆಗೆ ಒಳಗೇ ಬೇರೆ ಜಾಗ ಇದೆ, ನಾವೇ ಹಾಕಿದ್ದೀವಿ. ಬೆರೆಸೋ ತಾಪತ್ರಯ ಇಲ್ಲ.”

ಮಾವನ ಮುಖ ಹರಳೆಣ್ಣೆ ಕುಡಿದವನಂತಾಯಿತು. “ಬೆರೆಸೋದೇ ಬೇಡ್ವಾ?”

“ಬೇಡವೇ ಬೇಡ.”

“ಸ್ವಲ್ಪವೂ?”

“ಒಂದು ಹನಿಯೂ.”

ಹೊಸ ಮೋಟಾರಿನಲ್ಲಿ ಹೊಗೆಯಿಲ್ಲ, ಗದ್ದಲವಿಲ್ಲ. ದೋಣಿಯಲ್ಲಿ ಕೂತವರಿಗೆ ಎಷ್ಟೋ ವರ್ಷಗಳ ಮೇಲೆ ಪಕ್ಕದವರ ಮಾತು ಕೇಳಿಸಿತು. ಮಾವನ ಮಾತೂ ಪೂರ್ತಿ ಕೇಳಿಸಿತು. ಕೇಳಿದವರು ಒಬ್ಬೊಬ್ಬರಾಗಿ ಮುಂದಿನ ಬೆಂಚಿಗೆ ಸರಿದರು. ಎಲ್ಲರೂ ಮೋಟಾರನ್ನು ಹೊಗಳಿದರು, ಅಳಿಯನನ್ನು ಹೊಗಳಿದರು. ಮೀನಿನವರೂ ಅಂಥದೇ ಮೋಟಾರಿಗೆ ಬದಲಾಗುತ್ತ ಹೋದಂತೆ ಶೆಡ್ಡಿನ ಬಾಗಿಲು ಬರಿದಾಯಿತು. ಮಾವ ಆಲಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ಕೂತಿರುತ್ತಿದ್ದ. ಆಗ ಅವನನ್ನು ನೋಡಿದ ಯಾರಿಗಾದರೂ ಕರುಳು ಚುರ್ ಎನ್ನುತ್ತಿತ್ತು, ಅವನು ಬಾಯಿ ತೆರೆಯುವವರೆಗೆ.

“ನಿನ್ನ ಗಂಡನಿಗೆ ಯಾರೋ ಟೋಪಿ ಹಾಕಿದ್ದಾರೆ,” ಎಂದ ಮಗಳಿಗೆ. “ಎಣ್ಣೆ ಕಾಣದ ಪೆಟ್ರೋಲ್ ಮೋಟಾರಿನ ಕರುಳು ಸುಡುತ್ತೆ.”

“ಓಡ್ತಾ ಇದೆಯಲ್ಲಪ್ಪ!”

“ಓಡುತ್ತೆ. ಒಳಗೊಳಗೇ ಅಳ್ತಾ ಓಡುತ್ತೆ.”

ಮೋಟಾರಿನ ಅಳು ಅವನಿಗೆ ಸಹಿಸಲಾಗಲಿಲ್ಲ. ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ಮುಚ್ಚಿಕೊಂಡು, ಬರೀ ವಾಸನೆಗೆ ಎಂದು ನಾಲ್ಕು ಹನಿ ಬಿಟ್ಟ. ಏನೂ ಆಗಲಿಲ್ಲ. ಏನೂ ಆಗದ್ದು ಅವನಿಗೆ ಅವಮಾನವಾಯಿತು. ಮರುದಿನ ಒಂದು ಗುಟುಕು, ಆಮೇಲೆ ಹಳೆಯ ಧಾರಾಳ. ವಾರ ಕಳೆಯುವಷ್ಟರಲ್ಲಿ ಹೊಗೆ ಮರಳಿ ಬಂತು, ಅದರ ಜೊತೆಗೆ ಮಾವನ ಹಸಿವೂ ಮರಳಿತು. ಎರಡೆರಡು ಸಲ ಬಡಿಸಿಕೊಂಡು ಉಂಡು, “ನಾನು ಹೇಳಿರಲಿಲ್ವಾ? ಅಳಿಯಂದ್ರು ತಂದ ಮೋಟಾರು ಹೊಗೆ ಬಿಡ್ತಾ ಇದೆ,” ಎಂದು ಬೀದಿಗೆಲ್ಲ ಸಾರಿದ. ಮಾವ ಅಳಿಯ ಎಣ್ಣೆ ಸೀಗೆಕಾಯಿ ಆದರು.

ಅಳಿಯ ಹೇಳಿಸಿಕೊಂಡು ಹೇಳಿಸಿಕೊಂಡು ಸಾಕಾಗಿ ಮೆಕ್ಯಾನಿಕ್‌ನನ್ನು ಕರೆತಂದ. ಮೋಟಾರು ಹೇಗೆ ಕೆಟ್ಟಿದೆ ಎಂದು ನೀರಿನ ಮೇಲೇ ತೋರಿಸುತ್ತೇನೆಂದು ಮಾವನೇ ಹಟ ಹಿಡಿದ. ದೋಣಿಯಲ್ಲಿ ಮಾವ, ಅಳಿಯ, ಮೆಕ್ಯಾನಿಕ್. ಆ ದಡದಲ್ಲಿ ಅಂಗಡಿ ಕೆಲಸವಿದೆಯೆಂದು ಮಾವನ ಹೆಂಡತಿಯೂ ಹತ್ತಿ ಕೂತಳು. ಸರಿಯಾಗಿ ನಡುನೀರಿನಲ್ಲಿ ಮೋಟಾರು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು.

“ನೋಡಿದ್ರಾ!” ಎಂದ ಮಾವ, ಮದುವೆಮನೆಯ ಯಜಮಾನನ ಗತ್ತಿನಲ್ಲಿ.

ಮೆಕ್ಯಾನಿಕ್ ಪ್ಲಗ್ ಬಿಚ್ಚಿದ. ಮಸಿ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಬೆರಳದ್ದಿ ತಿಕ್ಕಿ ನೋಡಿದ.

“ಇದಕ್ಕೆ ಎಣ್ಣೆ ಹಾಕಿದ್ದು ಯಾರು?”

ದೋಣಿ ಪ್ರವಾಹಕ್ಕೆ ಮೆಲ್ಲಗೆ ಅಡ್ಡ ತಿರುಗತೊಡಗಿತು. ಮಾವ ದೂರದ ದಡವನ್ನು ಹೊಸದಾಗಿ ನೋಡುವವನಂತೆ ನೋಡಿದ.

“ಬಂಕಿನವರು ಕಲಬೆರಕೆ ಮಾಡಿರ್ತಾರೆ,” ಎಂದ.

“ಮಾಡ್ತಾರೆ, ಪಾಪ,” ಎಂದಳು ಹೆಂಡತಿ. “ಬೆಳಿಗ್ಗೆ ಬೆಳಿಗ್ಗೆ ನಮ್ಮ ಶೆಡ್ಡಿಗೇ ಬಂದು, ಬಾಗಿಲು ಹಾಕ್ಕೊಂಡು, ನಿಮ್ಮ ಚಪ್ಪಲಿ ಮೆಟ್ಟಿಕೊಂಡು ಕಲಬೆರಕೆ ಮಾಡ್ತಾರೆ.”

ಅಳಿಯ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದ. ಮೆಕ್ಯಾನಿಕ್ ಅಷ್ಟೂ ಕಷ್ಟಪಡದೆ ನಕ್ಕ.

“ಏನೇ, ಗೊತ್ತಿದ್ರೆ ಮೊದಲೇ ಬೊಗಳೋದಕ್ಕೇನಾಗಿತ್ತು?” ಎಂದು ಮಾವ ಗುಡುಗಿದ.

“ರೀ, ನಿಮ್ಮ ಕೈಹದದ ಬಗ್ಗೆ ಹೆಂಗಸರು ಬಾಯಿ ಹಾಕಬಹುದಾ?” ಎಂದು ಅವಳು ದೋಣಿಯ ತಳದಿಂದ ಹುಟ್ಟು ಎತ್ತಿ ಅವನ ತೊಡೆಯ ಮೇಲಿಟ್ಟಳು. “ತಗೊಳ್ಳಿ. ಇದಕ್ಕೆ ಎಣ್ಣೆಯೂ ಬೇಡ, ಪೆಟ್ರೋಲೂ ಬೇಡ.”

ಮಾವ ಹುಟ್ಟು ಹಾಕಿದ. ಅಳಿಯ ಕೈಚಾಚಿದಾಗ ಅತ್ತೆ ಕಣ್ಣಲ್ಲೇ ತಡೆದಳು. ದಡ ಮುಟ್ಟುವಷ್ಟರಲ್ಲಿ ಮಾವನ ಅಂಗೈಯಲ್ಲಿ ಬೊಬ್ಬೆ ಎದ್ದು, ಅಂಗಿ ಬೆನ್ನಿಗಂಟಿತ್ತು. ಕಡವಿನಲ್ಲಿ ನಿಂತವರೆಲ್ಲ ಏನಾಯಿತೆಂದು ಕೇಳಿದರು. ಮೆಕ್ಯಾನಿಕ್ ಏನೂ ಮುಚ್ಚಿಡದೆ ಹೇಳಿದ. ಆ ಬೆಸ್ತನೂ ಅಲ್ಲಿದ್ದ. ಅವನು ನಗಲಿಲ್ಲ. ಸುಮ್ಮನೆ ಮನೆಯ ಕಡೆಗೆ ನಡೆದ, ನಿಧಾನವಾಗಿ. ಹೆಂಡತಿಯ ಮುಂದೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಬೇಕಿತ್ತಲ್ಲ.

ಟ್ಯಾಂಕು ಖಾಲಿ ಮಾಡಿ, ಹೊಸ ಪ್ಲಗ್ ಹಾಕಿದ ಮೇಲೆ ಮೋಟಾರು ಮೊದಲಿನಂತಾಯಿತು. ಶೆಡ್ಡಿನ ಬೀಗದ ಕೈ ಮಾವನ ಹೆಂಡತಿಯ ಸೊಂಟಕ್ಕೆ ಹೋಯಿತು. ಸ್ವಲ್ಪ ದಿನಗಳಲ್ಲೇ ಅವಳು ಮೋಟಾರಿನ ಪಕ್ಕವೂ ಕೂತಳು. ಯಾರೂ ಕೂರು ಎನ್ನಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಜನ ಹತ್ತಿದರು, ಇಳಿದರು, ಹೊತ್ತಿಗೆ ಸರಿಯಾಗಿ ಊರು ಸೇರಿದರು.

ಮಾವನಿಗೆ ಟಿಕೆಟ್ ಹರಿದು ಕೊಡುವ ಕೆಲಸ ಉಳಿಯಿತು. ಹರಿಯುವುದು ಅಂದರೆ ಸುಮ್ಮನೆ ಅಲ್ಲ ಎಂದು ಅವನು ಬೇಗನೆ ಕಂಡುಕೊಂಡ. ಕಾಗದಕ್ಕೆ ಒಂದು ಎಳೆ ಇರುತ್ತದಂತೆ. ಎಳೆಗೆ ಅಡ್ಡ ಹರಿದರೆ ಟಿಕೆಟ್‌ಗೆ ಆಯುಸ್ಸಿಲ್ಲವಂತೆ. ಆ ದಡ ಸೇರಿದ ಮೇಲೆ ಬಿಸಾಡುವ ಚೀಟಿಗೆ ಎಷ್ಟು ಆಯುಸ್ಸು ಬೇಕು ಎಂದು ಒಬ್ಬಳು ಕೇಳಿದಳು. ಅವನು ಒಂದು ಟಿಕೆಟ್ಟನ್ನು ಬೆಳಕಿಗೆ ಹಿಡಿದು ವಿವರಿಸುತ್ತ ನಿಂತ. ಹೆಂಡತಿ ಒಂದು ಕ್ಷಣ ನೋಡಿದಳು, ಹಗ್ಗ ಬಿಚ್ಚಿದಳು, ಮೋಟಾರು ಎಬ್ಬಿಸಿದಳು. ಅವನು ತಿರುಗಿ ನೋಡುವ ಹೊತ್ತಿಗೆ ದೋಣಿಗೂ ದಡಕ್ಕೂ ನಡುವೆ ಹಾರಲಾಗದಷ್ಟು ನೀರಿತ್ತು.