ಶೆಟಿಗೆವ್ವನ ನಗು

ನಿದ್ದೆಯಲ್ಲಿ ಕೂಸು ನಕ್ಕರೆ, ಹಣೆಬರಹ ಬರೆಯುವ ಶೆಟಿಗೆವ್ವನೇ ಬಂದು ನಗಿಸುತ್ತಾಳೆ ಎಂಬುದು ನಮ್ಮ ಗಜೇಂದ್ರಗಡದ ಕಡೆಯ ನಂಬಿಕೆ. ನನ್ನ ಮಗಳು ಎಚ್ಚರವಿದ್ದಾಗಲೂ ಇದ್ದಕ್ಕಿದ್ದಂತೆ ನಗುತ್ತಿದ್ದಳು. "ಶೆಟಿಗೆವ್ವ ಆಡಸಾಕತ್ಯಾಳ, ಮುಟ್ಟಬ್ಯಾಡ," ಎನ್ನುತ್ತಿದ್ದರು ನಮ್ಮ ಅತ್ತೆ. ನಾವೂ ಸುತ್ತ ಕೂತು ನಗುತ್ತಿದ್ದೆವು.

ಶಾಲೆಗೆ ಹೋಗುವ ವಯಸ್ಸಾದರೂ ಆ ನಗು ಬಿಡಲಿಲ್ಲ. ಪ್ರತಿ ಸಲವೂ ಅದೇ ದನಿ, ಎಲ್ಲಿಯೂ ನೋಡದ ಅದೇ ಕಣ್ಣು. ಒಂದು ಬೆಳಿಗ್ಗೆ ಹಾಗೆ ನಗುವಾಗ ಕೈಯಲ್ಲಿದ್ದ ಬಿಸಿ ಚಹಾ ಕಾಲ ಮೇಲೆ ಚೆಲ್ಲಿತು. ಚರ್ಮದ ಮೇಲೆ ಬೊಬ್ಬೆ ಎದ್ದರೂ ನಗು ನಿಲ್ಲಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಎಂಆರ್‌ಐ ಮಾಡಿಸಿ, ಮಿದುಳಿನ ಬುಡದಲ್ಲಿದ್ದ ಸಣ್ಣ ಗಂಟನ್ನು ತೋರಿಸಿದರು. "ಇದು ನಗು ಅಲ್ರಿ, ನಗುವಿನಂಗ ಬರೋ ಮೂರ್ಛೆರೋಗ. ಗಂಟು ಹುಟ್ಟಿದಾಗಿಂದ ಐತಿ. ಇಷ್ಟು ದಿನ ಯಾಕ ತೋರಸಲಿಲ್ಲ?"

"ನಗೋ ಕೂಸನ್ನ ಯಾರರೆ ದವಾಖಾನಿಗೆ ತರ್ತಾರೇನ್ರಿ?" ಎಂದು ಸಿಡುಕಿದೆ.

ಅವಳಿಗೀಗ ಔಷಧಿ ನಡೆದಿದೆ. ತೊಟ್ಟಿಲಲ್ಲಿ ಅವಳ ತಮ್ಮನಿದ್ದಾನೆ. ಅವನಿಗೆ ಹಾಗೆ ಆಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನೆ ಮಧ್ಯಾಹ್ನ ಅವನು ನಿದ್ದೆಯಲ್ಲಿ ನಕ್ಕ. ಜೋಳ ಹಸನು ಮಾಡುತ್ತಿದ್ದ ಅತ್ತೆಯ ಕೈ ನಿಂತಿತು. ಶೆಟಿಗೆವ್ವನ ಹೆಸರನ್ನು ಯಾರೂ ಎತ್ತಲಿಲ್ಲ. ನಾನು ಎದ್ದು ಹೋಗಿ, ಮಲಗಿದ್ದ ಮಗುವನ್ನು ಎಬ್ಬಿಸಿ ಅಳಿಸಿದೆ.